ಲಿನಕ್ಸ್ ಫೋನ್ ಬೇಕೆ? ಮೊದಲು ಸಿಮ್ ನೋಡಿ, ಆಮೇಲೆ ಫೋನ್ ನೋಡಿ

ಜಿಯೋ ಸಿಮ್ ಒಂದೇ ಇರುವವರು ಲಿನಕ್ಸ್ ಫೋನನ್ನು (ಆಂಡ್ರಾಯ್ಡ್ ಬದಲು ಕಂಪ್ಯೂಟರಿನ ಲಿನಕ್ಸ್ ಓಡುವ ಫೋನು) ಮುಖ್ಯ ಫೋನಾಗಿ ಇಟ್ಟುಕೊಳ್ಳುವ ಆಸೆಯನ್ನು ಸದ್ಯಕ್ಕೆ ಕಟ್ಟಿಡುವುದೇ ಒಳ್ಳೆಯದು. ಹೊರದೇಶದ ವಿಮರ್ಶೆಗಳಲ್ಲಿ ಈ ಮಾತು ಕೊನೆಯಲ್ಲೆಲ್ಲೋ ಬರುತ್ತದೆ. ನಮ್ಮಲ್ಲಿ ಆಯ್ಕೆ ಶುರುವಾಗಬೇಕಾದದ್ದೇ ಇಲ್ಲಿಂದ. 2016ರಲ್ಲಿ ಬಂದ ಜಿಯೋಗೆ 2ಜಿ, 3ಜಿ ಜಾಲವೇ ಇಲ್ಲ. ಅಲ್ಲಿ ಮಾತು ಸಾಗುವುದು ವೋಲ್ಟೆ ಮೇಲೆ, ಅಂದರೆ 4ಜಿ ಜಾಲದ ಮೇಲೇ. ವೋಲ್ಟೆಗೆ ಫೋನಿನ ಮೋಡೆಮ್ (ಜಾಲದೊಡನೆ ಮಾತಾಡುವ ಭಾಗ) ಸಿಮ್ ಕಂಪನಿಯ ಐಎಂಎಸ್ ಎಂಬ ಕರೆ ಸೇವೆಯಲ್ಲಿ ನೋಂದಾಯಿಸಿಕೊಳ್ಳಬೇಕು. ಆಂಡ್ರಾಯ್ಡ್‌ನಲ್ಲಿ ಆ ಕೆಲಸಕ್ಕೆ ಚಿಪ್ ತಯಾರಕರ ಮುಚ್ಚಿದ ತಂತ್ರಾಂಶವಿದೆ. ಅದನ್ನು ಅಳಿಸಿ ಲಿನಕ್ಸ್ ಹಾಕಿದಿರೋ, ಬಹುಪಾಲು ಫೋನುಗಳಲ್ಲಿ ಆ ಕೊಂಡಿಯೂ ಕಳಚುತ್ತದೆ. ಡೇಟಾ ಓಡುತ್ತದೆ, ಕಾಲ್ ಹೋಗುವುದಿಲ್ಲ.

ಏರ್‌ಟೆಲ್, ವಿಐ, ಬಿಎಸ್ಎನ್ಎಲ್ ಸಿಮ್‌ಗಳಲ್ಲಿ ಹಳೆಯ 2ಜಿ ಇನ್ನೂ ಜೀವಂತ ಇರುವುದರಿಂದ ಕರೆ ಬಂದಾಗ ಫೋನು 4ಜಿಯಿಂದ 2ಜಿಗೆ ಇಳಿದು ಮಾತಾಡಿಸುತ್ತದೆ. ಮಾತು ಮುಗಿಯುವವರೆಗೆ ಡೇಟಾ ನಿಲ್ಲುತ್ತದೆ, ಅಷ್ಟೇ. ನಿಮ್ಮ ಮನೆಯಲ್ಲಿ ಇದು ನಡೆಯುತ್ತದೋ ಇಲ್ಲವೋ ತಿಳಿಯಲು ಬಿಡಿಗಾಸೂ ಖರ್ಚಾಗುವುದಿಲ್ಲ. ಈಗಿರುವ ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಮ್ ವಿಭಾಗಕ್ಕೆ ಹೋಗಿ, ನೆಟ್‌ವರ್ಕ್ ಬಗೆಯನ್ನು 2ಜಿ ಮಾತ್ರ ಎಂದು ಬದಲಿಸಿ. ಮನೆಯ ಒಳಕೋಣೆ, ಕಚೇರಿ, ದಿನಾ ಹೋಗುವ ದಾರಿ, ಈ ಮೂರು ಕಡೆ ಎರಡು ದಿನ ಕಾಲ್ ಮಾಡಿ, ಕಾಲ್ ತೆಗೆದುಕೊಳ್ಳಿ. ಸಿಗ್ನಲ್ ಕಡ್ಡಿ ನಿಂತರೆ ಮುಂದೆ ಓದಿ. ನಿಲ್ಲದಿದ್ದರೆ ಲಿನಕ್ಸ್ ಫೋನು ನಿಮಗೆ ಜೇಬಿನಲ್ಲಿ ಹಿಡಿಯುವ ಪುಟ್ಟ ಕಂಪ್ಯೂಟರ್ ಆದೀತು, ಫೋನು ಆಗದು.

'ನಿಜವಾದ ಲಿನಕ್ಸ್' ಎಂಬ ಮಾತನ್ನೂ ಇಲ್ಲೇ ಬಿಡಿಸಿಕೊಳ್ಳೋಣ, ಏಕೆಂದರೆ ದುಡ್ಡು ಹೋಗುವುದು ಈ ಗೊಂದಲದಲ್ಲೇ. ಆಂಡ್ರಾಯ್ಡ್‌ನ ಬುಡದಲ್ಲೂ ಲಿನಕ್ಸ್ ಕರ್ನಲ್ (ಯಂತ್ರವನ್ನು ನಡೆಸುವ ತಿರುಳು) ಇದೆ. ಆದರೆ ಅದರ ಮೇಲಿನ ಸಂಸಾರವೆಲ್ಲ ಬೇರೆ. ಡೆಬಿಯನ್ ಅಥವಾ ಆಲ್ಪೈನ್ ಎಂಬ ಕಂಪ್ಯೂಟರ್ ಲಿನಕ್ಸ್‌ಗಳ ಪ್ಯಾಕೇಜುಗಳು ಹಾಗೆಯೇ ಓಡಬೇಕು, ಟರ್ಮಿನಲ್ ತೆರೆದರೆ ಲ್ಯಾಪ್‌ಟಾಪಿನಲ್ಲಿ ಕಾಣುವುದೇ ಇಲ್ಲೂ ಕಾಣಬೇಕು ಎನ್ನುವವರಿಗೆ ಎರಡು ದಾರಿಗಳಿವೆ. ಒಂದು ಮೇನ್‌ಲೈನ್: ಲಿನಕ್ಸ್‌ನ ಕರ್ತೃ ಲಿನಸ್ ಟೊರ್ವಾಲ್ಡ್ಸ್ ಹೊರಬಿಡುವ ಕರ್ನಲ್, ಅದಕ್ಕೆ ಆ ಚಿಪ್ಪಿನ ಒಂದಿಷ್ಟು ತೇಪೆ. ಪೋಸ್ಟ್‌ಮಾರ್ಕೆಟ್‌ಓಎಸ್, ಮೊಬಿಯನ್, ಪ್ಯೂರ್‌ಓಎಸ್ ಎಂಬ ಫೋನ್ ಲಿನಕ್ಸ್‌ಗಳು ಹೀಗೆ ನಡೆಯುತ್ತವೆ. ಇನ್ನೊಂದು ಹೇಲಿಯಂ: ತಯಾರಕರ ಹಳೆಯ ಆಂಡ್ರಾಯ್ಡ್ ಕರ್ನಲ್ಲನ್ನೇ ಬಳಸಿ, ಆಂಡ್ರಾಯ್ಡ್ ಡ್ರೈವರುಗಳನ್ನು ಒಂದು ಕಂಟೇನರಿನಲ್ಲಿ (ಉಳಿದದ್ದರಿಂದ ಬೇರ್ಪಟ್ಟ ಡಬ್ಬಿಯಲ್ಲಿ) ಕೂರಿಸಿ, ಲಿಬ್‌ಹೈಬ್ರಿಸ್ ಎಂಬ ಸೇತುವೆಯ ಮೂಲಕ ಲಿನಕ್ಸ್ ಅದರೊಡನೆ ಮಾತಾಡುವುದು. ಉಬುಂಟು ಟಚ್, ಡ್ರಾಯ್ಡಿಯನ್, ಫ್ಯೂರಿ ಲ್ಯಾಬ್ಸ್‌ನವರ ಫೋನು ಈ ಜಾತಿಯವು. ಸೈಲ್‌ಫಿಶ್ ಕೂಡ ಅದೇ ಸೇತುವೆಯ ಮೇಲೆ ನಿಂತದ್ದು.

ಎರಡನೆಯ ದಾರಿ ಕೀಳೆಂದು ಮೂಗು ಮುರಿಯುವವರಿದ್ದಾರೆ. ಅದು ಅನ್ಯಾಯ. ಕ್ಯಾಮೆರಾ ಚೆನ್ನಾಗಿ ಓಡುವುದು, ಬ್ಯಾಟರಿ ದಿನವಿಡೀ ಬರುವುದು ಹೆಚ್ಚಾಗಿ ಅಲ್ಲೇ. ಆದರೆ ಕರ್ನಲ್ ಹಳೆಯದಾಗಿಯೇ ಉಳಿಯುತ್ತದೆ. ಉಬುಂಟು ಟಚ್‌ಗೆ ಒಳ್ಳೆಯ ಮನೆಯಾದ ಗೂಗಲ್ ಪಿಕ್ಸೆಲ್ 3ಎ 4.9 ಕರ್ನಲ್ ಮೇಲೆ ನಿಂತಿದೆ. ಆ ಸಾಲಿಗೆ ಮೂಲ ಲಿನಕ್ಸ್ ತಂಡದ ದುರಸ್ತಿ 2023ರ ಜನವರಿಗೇ ಮುಗಿಯಿತು. ಜೊತೆಗೆ ಉಬುಂಟು ಟಚ್‌ನ ಮೂಲ ಕಡತವ್ಯವಸ್ಥೆ ಓದಲಷ್ಟೇ ತೆರೆದಿರುತ್ತದೆ. ಮನಬಂದ ಪ್ಯಾಕೇಜು ಹಾಕಲು ಲಿಬರ್ಟೈನ್ ಕಂಟೇನರಿನೊಳಗೆ ಹೋಗಬೇಕು. ಫೋನು ಫೋನಿನಂತೆ ನಡೆದರೆ ಸಾಕು ಎನ್ನುವವರು ಅತ್ತ ಹೋಗಬಹುದು. ಈ ಬರಹ ಮೊದಲ ದಾರಿಯವರಿಗೆ.

ಆ ದಾರಿಯಲ್ಲಿ ಭಾರತದಲ್ಲಿ ಕೊಳ್ಳಲು ಅರ್ಥವಿರುವ ಫೋನು ಎಂದರೆ ಬಳಸಿದ ಒನ್‌ಪ್ಲಸ್ 6. ಲಿನಕ್ಸ್‌ಗಾಗಿಯೇ ಹುಟ್ಟಿದ ಪೈನ್‌ಫೋನು, ಲಿಬ್ರೆಮ್ 5 ಎರಡೂ ಇದರ ಹಿಂದೆಯೇ ನಿಲ್ಲುತ್ತವೆ. ಕಾರಣ ಚಿಪ್ಪು. 2018ರ ಮೇ ತಿಂಗಳಲ್ಲಿ ₹34,999ಕ್ಕೆ ಬಂದ ಈ ಫೋನಿನಲ್ಲಿ ಸ್ನಾಪ್‌ಡ್ರ್ಯಾಗನ್ 845 ಇದೆ, 6 ಅಥವಾ 8 ಜಿಬಿ ರ‍್ಯಾಮ್ ಇದೆ. ಪೈನ್‌ಫೋನಿನ ಆಲ್‌ವಿನ್ನರ್ ಎ64 ನಾಲ್ಕು ಕಾರ್ಟೆಕ್ಸ್ ಎ53 ಕೋರುಗಳ ಬಡ ಚಿಪ್ಪು. ಅದರ ಮಾಲಿ 400 ಗ್ರಾಫಿಕ್ಸ್ ಓಪನ್‌ಜಿಎಲ್ ಇಎಸ್ 2.0 ದಾಟುವುದಿಲ್ಲ. ಫೋಷ್ ಎಂಬ ಮುಖಪುಟ (ಐಕಾನು, ಬೀಗದ ಪರದೆ ತೋರಿಸುವ ತಂತ್ರಾಂಶ) ಪೈನ್‌ಫೋನಿನಲ್ಲಿ ಎಳೆದೆಳೆದು ಸರಿಯುತ್ತದೆ, ಒನ್‌ಪ್ಲಸ್‌ನಲ್ಲಿ ಬೆರಳಿನೊಂದಿಗೇ ಓಡುತ್ತದೆ. 845ಕ್ಕೆ ಮೇನ್‌ಲೈನ್‌ನಲ್ಲಿ ವರ್ಷಗಳಿಂದ ಕೆಲಸ ನಡೆದಿದೆ. ಗ್ರಾಫಿಕ್ಸ್, ವೈಫೈ, ಬ್ಲೂಟೂತ್, ಕರೆಯ ಧ್ವನಿ, ಎಸ್ಸೆಮ್ಮೆಸ್ ಎಲ್ಲ ನಡೆಯುತ್ತವೆ. ಬೆರಳಚ್ಚು ನಡೆಯುವುದಿಲ್ಲ. ಡ್ಯಾಶ್ ಚಾರ್ಜಿಂಗ್ ನಡೆಯುವುದಿಲ್ಲ, ಸಾಧಾರಣ ಚಾರ್ಜಿಂಗ್ ವೇಗಕ್ಕೆ ಹೊಂದಿಕೊಳ್ಳಬೇಕು. ಕ್ಯಾಮೆರಾವನ್ನು ಲೆಕ್ಕಕ್ಕೇ ಹಿಡಿಯಬೇಡಿ. ಎರಡು ಸಿಮ್ ಜಾಗವಿದ್ದರೂ ಒಂದೇ ಸಿಮ್ಮಿನ ಫೋನು ಎಂದುಕೊಂಡೇ ಕೊಳ್ಳಿ. ಮೋಡೆಮ್ ನೋಡಿಕೊಳ್ಳುವ ಮೋಡೆಮ್‌ಮ್ಯಾನೇಜರ್ ಒಂದು ಹೊತ್ತಿಗೆ ಒಂದು ಸಿಮ್ಮನ್ನಷ್ಟೇ ಸಂಭಾಳಿಸುತ್ತದೆ.

ಅಣ್ಣ ತಮ್ಮಂದಿರಂಥ ಇನ್ನೆರಡಿವೆ. ಒನ್‌ಪ್ಲಸ್ 6ಟಿಯಲ್ಲಿ ಬ್ಯಾಟರಿ 3300ರ ಬದಲು 3700 ಎಂಎಎಚ್. ಇಯರ್‌ಫೋನ್ ತೂತು ಇಲ್ಲ. ಅಮೆರಿಕದಿಂದ ತರಿಸಿದ ಟಿ-ಮೊಬೈಲ್ 6ಟಿ ಬೇಡ, ಅದರ ಬೂಟ್‌ಲೋಡರ್ ಬೀಗ (ಬೇರೆ ತಂತ್ರಾಂಶ ಹಾಕದಂತೆ ತಡೆಯುವುದು) ತೆರೆಯಲು ಬೇರೆ ಟೋಕನ್ ಬೇಕು. ಪೋಕೋ ಎಫ್1 ಅದೇ 845 ಚಿಪ್ಪಿನದು, 4000 ಎಂಎಎಚ್ ಬ್ಯಾಟರಿ, ಇಲ್ಲಿ ₹20,999ರಿಂದ ಶುರುವಾಗಿ ಚೆನ್ನಾಗಿಯೇ ಮಾರಾಟವಾದದ್ದರಿಂದ ಹಳೆಯದು ಸಿಗುವುದು ಸುಲಭ. ಅದರಲ್ಲಿ ಒಂದು ಮೋಸದ ಗುಂಡಿ ಇದೆ. ಪರದೆ ಎರಡು ಕಂಪನಿಯದು, ಟಿಯಾನ್ಮಾ ಮತ್ತು ಇಬಿಬಿಜಿ, ಹೊರಗಿನಿಂದ ನೋಡಿದರೆ ಗೊತ್ತಾಗದು. ಪೋಸ್ಟ್‌ಮಾರ್ಕೆಟ್‌ಓಎಸ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಇಮೇಜ್ (ಫೋನಿಗೆ ಬರೆಯುವ ಸಿದ್ಧ ಕಡತ). ತಪ್ಪಿದ್ದನ್ನು ಹಾಕಿದರೆ ಪರದೆ ಸರಿಯಾಗಿ ಹತ್ತುವುದಿಲ್ಲ, ಫೋನು ಸತ್ತಿತೆಂದು ಗಾಬರಿಯಾಗುತ್ತದೆ. ಟಿಡಬ್ಲ್ಯೂಆರ್‌ಪಿ (ಆಂಡ್ರಾಯ್ಡ್ ಬದಲು ದುರಸ್ತಿಗೆಂದು ತೆರೆಯುವ ತಂತ್ರಾಂಶ) ರಿಕವರಿಯ ಟರ್ಮಿನಲ್‌ನಲ್ಲಿ ಕರ್ನಲ್ಲಿನ ಸಿಎಂಡಿಲೈನ್ ಕಡತ (/proc/cmdline) ತೆರೆದು ಆ ಎರಡು ಹೆಸರುಗಳಲ್ಲಿ ಯಾವುದಿದೆ ನೋಡಿದರೆ ಸಾಕು. ಪೋಕೋದ ಬೀಗ ತೆರೆಯಲು ಶಿಯೋಮಿ ಖಾತೆ, ಮಿ ಅನ್‌ಲಾಕ್ ತಂತ್ರಾಂಶ, ಅದರ ಮೇಲೆ ಹಲವು ದಿನ ಕಾಯುವ ಶಿಕ್ಷೆ ಬೇರೆ. ಒನ್‌ಪ್ಲಸ್‌ನಲ್ಲಿ ಯಾರ ಅಪ್ಪಣೆಯೂ ಬೇಡ.

ಬಳಸಿದ ಫೋನು ಕೈಗೆ ಬರುವ ಮೊದಲು ಸ್ಟಾರ್ ಹ್ಯಾಶ್ ಸೊನ್ನೆ ಆರು ಹ್ಯಾಶ್ (*#06#) ಒತ್ತಿ ಫೋನಿನ ಗುರುತು ಸಂಖ್ಯೆಯಾದ ಐಎಂಇಐ ತೆಗೆದುಕೊಳ್ಳಿ. ಕೆವೈಎಂ (KYM) ಎಂದು ಇಂಗ್ಲಿಷಿನಲ್ಲಿ ಬರೆದು, ಒಂದು ಜಾಗ ಬಿಟ್ಟು ಆ ಸಂಖ್ಯೆ ಹಾಕಿ 14422ಕ್ಕೆ ಎಸ್ಸೆಮ್ಮೆಸ್ ಕಳಿಸಿ. ಕದ್ದ ಮಾಲೆಂದು ತಡೆಹಿಡಿದ ಫೋನಾಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ಬೂದು ಬಣ್ಣದ ಖಾಲಿ ಚಿತ್ರವೊಂದನ್ನು ಪರದೆ ತುಂಬ ತೆರೆದು ಅಮೋಲೆಡ್‌ನಲ್ಲಿ ಹಳೆಯ ಐಕಾನುಗಳ ನೆರಳು ಉಳಿದಿದೆಯೇ ನೋಡಿ. ಬೆನ್ನಿನ ಗಾಜು ಉಬ್ಬಿದ್ದರೆ ಬ್ಯಾಟರಿ ಊದಿದೆ ಎಂದರ್ಥ. ಆ ಗಾಜನ್ನು ಅಂಟು ಹಾಕಿ ಕೂರಿಸಿರುವುದರಿಂದ ಬಿಸಿಗಾಳಿ ಕೊಟ್ಟು ಎಬ್ಬಿಸಬೇಕು; ಬ್ಯಾಟರಿ ಬದಲಿಸುವ ಖರ್ಚಿಗೆ ಒಡೆದ ಗಾಜಿನ ಖರ್ಚೂ ಸೇರಬಹುದು, ಅದನ್ನು ಚೌಕಾಸಿಯಲ್ಲೇ ಕಳೆದುಬಿಡಿ.

ಲಿನಕ್ಸ್ ಹಾಕುವುದು ಒಂದು ಸಂಜೆಯ ಕೆಲಸ. ಆತುರಪಟ್ಟವರು ಎಡವುವುದು ಒಂದೇ ಜಾಗದಲ್ಲಿ, ಹಾಕುವ ಮುಂಚಿನ ತಯಾರಿಯಲ್ಲಿ. ಮೊದಲು ಆಂಡ್ರಾಯ್ಡ್‌ನಲ್ಲೇ ಕೊನೆಯ ಆಕ್ಸಿಜನ್‌ಓಎಸ್ 11ರವರೆಗೆ ಅಪ್‌ಡೇಟ್ ಮಾಡಿ. ಮೋಡೆಮ್, ವೈಫೈಗಳ ಒಳ ಫರ್ಮ್‌ವೇರ್ ಹೊಸದಾಗುವುದು ಆಗಲೇ. ಆಮೇಲೆ ಲಿನಕ್ಸ್‌ನಿಂದ ಅದು ಆಗದು. ಬಿಲ್ಡ್ ನಂಬರ್ ಮೇಲೆ ಏಳು ಸಲ ತಟ್ಟಿ ಡೆವಲಪರ್ ಆಯ್ಕೆಗಳನ್ನು ತೆರೆದು ಓಇಎಂ ಅನ್‌ಲಾಕಿಂಗ್, ಯುಎಸ್‌ಬಿ ಡೀಬಗ್ಗಿಂಗ್ ಎರಡನ್ನೂ ಒತ್ತಿ. ಕಂಪ್ಯೂಟರಿನಲ್ಲಿ ಫೋನಿಗೆ ಆದೇಶ ಕೊಡುವ ಎಡಿಬಿ, ಫಾಸ್ಟ್‌ಬೂಟ್ ಉಪಕರಣಗಳು ಇರಬೇಕು. ಬೂಟ್‌ಲೋಡರಿಗೆ ಹೋಗಿ ಫಾಸ್ಟ್‌ಬೂಟ್‌ನ ಓಇಎಂ ಅನ್‌ಲಾಕ್ ಆದೇಶ ಕೊಟ್ಟರೆ ಫೋನಿನ ಪರದೆಯೇ ಒಪ್ಪಿಗೆ ಕೇಳುತ್ತದೆ. ಒಪ್ಪಿದ ಮರುಕ್ಷಣ ಒಳಗಿದ್ದದ್ದೆಲ್ಲ ಅಳಿಯುತ್ತದೆ.

ಈಗ ಯಾರೂ ಮಾಡದ, ಆದರೆ ಮಾಡಲೇಬೇಕಾದ ಕೆಲಸ. ಟಿಡಬ್ಲ್ಯೂಆರ್‌ಪಿಯನ್ನು ತಾತ್ಕಾಲಿಕವಾಗಿ ಬೂಟ್ ಮಾಡಿ ಪರ್ಸಿಸ್ಟ್, ಮೋಡೆಮ್‌ಎಸ್‌ಟಿ1, ಮೋಡೆಮ್‌ಎಸ್‌ಟಿ2, ಎಫ್‌ಎಸ್‌ಜಿ ಎಂಬ ನಾಲ್ಕು ಪಾರ್ಟಿಶನ್‌ಗಳ (ಫೋನಿನ ಸಂಗ್ರಹದ ಭಾಗಗಳ) ಪ್ರತಿ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಐಎಂಇಐ ಮತ್ತು ರೇಡಿಯೋ ಹೊಂದಾಣಿಕೆ ಇರುವುದು ಅವುಗಳಲ್ಲಿ. ಅವು ಕೆಟ್ಟರೆ ಸಿಮ್ ಕಾಣಿಸಿಯೂ ನೆಟ್‌ವರ್ಕ್ ಸಿಗದ ಫೋನು ಉಳಿಯುತ್ತದೆ.

ಪೋಸ್ಟ್‌ಮಾರ್ಕೆಟ್‌ಓಎಸ್‌ನ ಸಿದ್ಧ ಇಮೇಜುಗಳಲ್ಲಿ ಒನ್‌ಪ್ಲಸ್ 6ರ ಗುಪ್ತನಾಮ ಎಂಚಿಲಾಡಾ, 6ಟಿಯದು ಫಹೀಟಾ. ಎರಡೂ ಮೆಕ್ಸಿಕೋ ಕಡೆಯ ತಿಂಡಿಗಳು. ಒಂದರದ್ದು ಇನ್ನೊಂದಕ್ಕೆ ಹಾಕಬೇಡಿ. ಮುಖಪುಟಕ್ಕೆ ಫೋಷ್ ಆರಿಸಿ. ಪ್ಲಾಸ್ಮಾ ಮೊಬೈಲ್ ಕಣ್ಣಿಗೆ ಚೆಂದ, ಎಸ್‌ಎಕ್ಸ್‌ಎಂಓ ಟರ್ಮಿನಲ್ ಪ್ರಿಯರಿಗೆ. ಮೊದಲ ಸಲಕ್ಕೆ ಎರಡೂ ಬೇಡ. ಪ್ರಯೋಗದ ಆವೃತ್ತಿಯಾದ ಎಡ್ಜ್ ಚಾನೆಲ್ ಬಿಟ್ಟು ವರ್ಷಕ್ಕೆರಡು ಸಲ ಬರುವ ಸ್ಥಿರ ಆವೃತ್ತಿಯನ್ನೇ ತೆಗೆದುಕೊಳ್ಳಿ. ಇಳಿಸಿದ ಎರಡು ಕಡತಗಳಲ್ಲಿ ಚಿಕ್ಕದು ಬೂಟ್ ಪಾರ್ಟಿಶನ್‌ಗೆ, ದೊಡ್ಡದನ್ನು ಬಿಚ್ಚಿ ಯೂಸರ್‌ಡೇಟಾಕ್ಕೆ ಬರೆಯಬೇಕು. ಇದಕ್ಕೆ ಮೊದಲು ಡಿಟಿಬಿಓ ಪಾರ್ಟಿಶನ್ ಅಳಿಸಿರಬೇಕು. ಹಾರ್ಡ್‌ವೇರ್ ಹೇಗೆ ಜೋಡಿಸಿದೆ ಎಂಬ ಆಂಡ್ರಾಯ್ಡ್‌ನ ತೇಪೆಪಟ್ಟಿ ಅದರಲ್ಲಿರುತ್ತದೆ. ಬೂಟ್‌ಲೋಡರ್ ಅದನ್ನು ಮೇನ್‌ಲೈನ್ ಪಟ್ಟಿಯ ಮೇಲೆ ಹೇರಲು ಹೋಗಿ ಫೋನು ಲೋಗೋದಲ್ಲೇ ನಿಂತುಬಿಡುತ್ತದೆ. 'ಹಾಕಿದೆ, ಏಳುತ್ತಿಲ್ಲ' ಎನ್ನುವವರು ಮೊದಲು ನೋಡಬೇಕಾದದ್ದು ಇದನ್ನೇ. ಎರಡನೆಯದು ಸ್ಲಾಟ್: ಈ ಫೋನಿನಲ್ಲಿ ಎ, ಬಿ ಎಂದು ಎರಡು ಬೂಟ್ ಜಾಗಗಳಿವೆ. ಕೆಲವು ಸಲ ಬೂಟ್ ವಿಫಲವಾದರೆ ಫೋನು ತಾನಾಗಿ ಇನ್ನೊಂದಕ್ಕೆ ಜಿಗಿಯುತ್ತದೆ, ಅಲ್ಲಿ ಲಿನಕ್ಸ್ ಇರುವುದಿಲ್ಲ. ಬರೆದ ಸ್ಲಾಟನ್ನೇ ಸಕ್ರಿಯ ಮಾಡಿ ಮತ್ತೆ ನೋಡಿ. ಫೋನು ಕಂಪ್ಯೂಟರಿಗೆ ಕಂಡೂ ಬರೆಯುವಾಗ ಅರ್ಧಕ್ಕೆ ನಿಂತರೆ ಯುಎಸ್‌ಬಿ 3 ಕಿಂಡಿಯಿಂದ ತೆಗೆದು ಯುಎಸ್‌ಬಿ 2 ಕಿಂಡಿಗೋ ಹಳೆಯ ಹಬ್‌ಗೋ ಚುಚ್ಚಿ, ಬಹಳ ಸಲ ಅಷ್ಟೇ ಸಾಕಾಗುತ್ತದೆ. ಎಲ್ಲ ಕೈಕೊಟ್ಟರೂ ಕ್ವಾಲ್‌ಕಾಮ್‌ನ ಇಡಿಎಲ್ ಎಂಬ ತುರ್ತು ಸ್ಥಿತಿಗೆ ಹೋಗಿ ಎಂಎಸ್‌ಎಂ ಡೌನ್‌ಲೋಡ್ ಉಪಕರಣದಿಂದ ಆಕ್ಸಿಜನ್‌ಓಎಸ್ ಮರಳಿ ತರಬಹುದು. ಈ ಧೈರ್ಯ ಬೇರೆ ಎಷ್ಟೋ ಫೋನುಗಳಲ್ಲಿ ಸಿಗದು.

ಸಿದ್ಧ ಇಮೇಜಿನ ಪಾಸ್‌ವರ್ಡ್ 147147. ಅದನ್ನು ಕೂಡಲೇ ಬದಲಿಸಿ, ಆದರೆ ಅಂಕಿಗಳಲ್ಲೇ ಇರಲಿ. ಫೋಷ್‌ನ ಬೀಗದ ಪರದೆ ತೋರಿಸುವುದು ಅಂಕಿಗಳ ಪಟ್ಟಿಯನ್ನೇ. ಸಿದ್ಧ ಇಮೇಜಿನಲ್ಲಿ ಡಿಸ್ಕ್ ಗೂಢಲಿಪಿ ಇರುವುದಿಲ್ಲ. ಅದು ಬೇಕಿದ್ದರೆ ಪಿಎಂಬೂಟ್‌ಸ್ಟ್ರ್ಯಾಪ್ ಉಪಕರಣದಿಂದ ಎಫ್‌ಡಿಇ ಆಯ್ಕೆ ಕೊಟ್ಟು ಇಮೇಜನ್ನು ನೀವೇ ಕಟ್ಟಬೇಕು. ಬ್ಯಾಂಕಿನ ಓಟಿಪಿ ಬರುವ ಸಿಮ್ ಹಾಕುವುದಾದರೆ ಆ ಶ್ರಮ ಪಡಿ.

ಮೊದಲ ವಾರ ಎರಡು ಪರೀಕ್ಷೆ. ಪರದೆ ಆರಿ ಹತ್ತು ನಿಮಿಷ ಕಳೆದ ಮೇಲೆ ಇನ್ನೊಂದು ಫೋನಿನಿಂದ ಕಾಲ್ ಮಾಡಿ: ನಿದ್ದೆಯಿಂದ ಎದ್ದು ರಿಂಗಾಗುತ್ತದೆಯೇ, ಎಷ್ಟು ರಿಂಗಿಗೆ ಎಂದು ನೋಡಿ. ತಪ್ಪುತ್ತಿದ್ದರೆ ತಾನಾಗಿ ನಿದ್ದೆಗೆ ಹೋಗುವುದನ್ನು ನಿಲ್ಲಿಸಿ; ಬ್ಯಾಟರಿ ಬೇಗ ಕರಗುತ್ತದೆ, ಕಾಲ್ ಉಳಿಯುತ್ತದೆ. ಎರಡನೆಯದು ಅಲಾರಂ. ಗ್ನೋಮ್ ಕ್ಲಾಕ್ಸ್‌ನ ಅಲಾರಂಗೆ ನಿದ್ದೆಗೆ ಜಾರಿದ ಫೋನನ್ನು ಎಬ್ಬಿಸುವ ಶಕ್ತಿಯಿಲ್ಲ. ಬೆಳಗಿನ ರೈಲು ಹಿಡಿಯುವವರು ಗಡಿಯಾರ ಇಟ್ಟುಕೊಳ್ಳಿ.

ಪೈನ್‌ಫೋನನ್ನು ಹೀಗೆ ಪಕ್ಕಕ್ಕೆ ತಳ್ಳಿದ್ದಕ್ಕೆ ಅದರ ಅಭಿಮಾನಿಗಳು ಸಿಟ್ಟಾಗಬಹುದು. ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಫೋನು ಇಲ್ಲ ಎಂಬುದೂ ಸತ್ಯವೇ. ಎ64 ಚಿಪ್ಪು ಮೊದಲು ಮೆಮೊರಿ ಕಾರ್ಡನ್ನು ಹುಡುಕುವುದರಿಂದ ಒಂದೊಂದು ಕಾರ್ಡಿನಲ್ಲಿ ಒಂದೊಂದು ಲಿನಕ್ಸ್ ಇಟ್ಟು, ಒಳಗಿನದನ್ನು ಮುಟ್ಟದೆ ಬದಲಿಸಿ ಬದಲಿಸಿ ನೋಡಬಹುದು. ಬೆನ್ನು ತೆಗೆದರೆ ಆರು ಪುಟ್ಟ ಸ್ವಿಚ್ಚುಗಳು: ಮೋಡೆಮ್, ವೈಫೈ, ಮೈಕು, ಹಿಂದಿನ ಕ್ಯಾಮೆರಾ, ಮುಂದಿನ ಕ್ಯಾಮೆರಾ, ಇಯರ್‌ಫೋನ್. ಆರನೆಯದನ್ನು ಆಫ್ ಮಾಡಿದರೆ ಇಯರ್‌ಫೋನ್ ತೂತೇ ಸೀರಿಯಲ್ ಕನ್ಸೋಲ್ ಆಗುತ್ತದೆ, ಬೂಟ್ ಎಲ್ಲಿ ನಿಂತಿತೆಂದು ಅಕ್ಷರ ಅಕ್ಷರ ಓದಬಹುದು. ಬ್ಯಾಟರಿ 2015ರ ಸ್ಯಾಮ್‌ಸಂಗ್ ಜೆ7ನ ಅಳತೆಯದು. ಆ ಫೋನು ನಮ್ಮ ಊರುಗಳಲ್ಲಿ ಮನೆಗೊಂದರಂತೆ ಇದ್ದುದರಿಂದ ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಕಡೆ ಬದಲಿ ಬ್ಯಾಟರಿ ಕೇಳಬಹುದು, ಉಗುರಿನಲ್ಲೇ ಬದಲಿಸಬಹುದು. ಯುಎಸ್‌ಬಿಯಿಂದ ಎಚ್‌ಡಿಎಂಐ ಪರದೆಗೆ ಜೋಡಿಸಿ ಮೇಜಿನ ಕಂಪ್ಯೂಟರಿನಂತೆ ಬಳಸುವುದೂ ಇದರಲ್ಲಿ ಸಾಧ್ಯ. ಒನ್‌ಪ್ಲಸ್ 6ರ ಕಿಂಡಿ ಯುಎಸ್‌ಬಿ 2 ಮಾತ್ರ, ಅದರಿಂದ ಚಿತ್ರ ಹೊರಬರದು. ಹಳೆಯ ಪೈನ್‌ಫೋನನ್ನು ಕೊಳ್ಳುವುದಾದರೆ ಬೋರ್ಡು 1.2ಎ ಅಥವಾ ಅದಕ್ಕಿಂತ ಹೊಸದಿರಲಿ. ಮೊದಲಿನವುಗಳಲ್ಲಿ ಈ ಜೋಡಣೆಗೆ ಬೆಸುಗೆ ಕೆಲಸ ಬೇಕು.

ಪೈನ್‌ಫೋನಿನ ಕ್ವೆಕ್‌ಟೆಲ್ ಇಜಿ25-ಜಿ ಮೋಡೆಮ್ ನಮ್ಮಲ್ಲಿ ಬಳಕೆಯ 3, 5, 8, 40ನೇ 4ಜಿ ತರಂಗಪಟ್ಟಿಗಳನ್ನು (ಬ್ಯಾಂಡ್) ಹಿಡಿಯುತ್ತದೆ. ಅದರೊಳಗೇ ಒಂದು ಪುಟ್ಟ ಲಿನಕ್ಸ್ ಓಡುತ್ತದೆ, ಸಮುದಾಯವೇ ಕಟ್ಟಿದ ಫರ್ಮ್‌ವೇರ್ ಕೂಡ ಇದೆ. ವೋಲ್ಟೆಯ ಕೆಲಸ ಮೋಡೆಮಿನ ಒಳಗೇ ನಡೆಯುವುದರಿಂದ, ಕಂಪನಿಗೆ ಹೊಂದುವ ಪ್ರೊಫೈಲ್ ಆರಿಸಿ ಐಎಂಎಸ್ ಚಾಲೂ ಮಾಡಿ ಪ್ರಯತ್ನಿಸುವ ಅವಕಾಶ ಇದರಲ್ಲಿದೆ. ತೊಂದರೆ ಬೇರೆಯದು: ನಿದ್ದೆಯಿಂದ ಎದ್ದಾಗ ಮೋಡೆಮ್ ಯುಎಸ್‌ಬಿಯಿಂದ ಕಳಚಿ ಮತ್ತೆ ಸೇರುವ ಹೊತ್ತಿಗೆ ಕರೆದವರು ಇಟ್ಟುಬಿಟ್ಟಿರುತ್ತಾರೆ. 150 ಡಾಲರ್ ಆಸುಪಾಸಿನ ಫೋನಿಗೆ ಸಾಗಣೆ, ಸುಂಕ, 18% ಐಜಿಎಸ್‌ಟಿ ಸೇರಿದಾಗ ಬೆಲೆ ಎಲ್ಲಿಗೆ ನಿಲ್ಲುತ್ತದೆಂದು ಮೊದಲೇ ಕೂಡಿ ನೋಡಿ. ಅದರ ದೊಡ್ಡಣ್ಣ ಪೈನ್‌ಫೋನ್ ಪ್ರೊವನ್ನು ತಯಾರಕರೇ 2025ರಲ್ಲಿ ನಿಲ್ಲಿಸಿದ್ದಾರೆ.

ಲಿಬ್ರೆಮ್ 5ರ ಬಗ್ಗೆ ಗೌರವವಿದೆ, ಶಿಫಾರಸು ಇಲ್ಲ. 2017ರಲ್ಲಿ ಜನರಿಂದ 20 ಲಕ್ಷ ಡಾಲರಿಗೂ ಹೆಚ್ಚು ಕೂಡಿಸಿ ಶುರುವಾಗಿ, 2019ರ ಜನವರಿಗೆ ಬರುತ್ತದೆಂದದ್ದು ದೊಡ್ಡ ಪ್ರಮಾಣದಲ್ಲಿ ಹೊರಬಿದ್ದದ್ದು 2020ರ ನವೆಂಬರ್‌ನಲ್ಲಿ. ಪಕ್ಕದಲ್ಲಿ ಮೂರು ಸ್ವಿಚ್ಚು, ಬಿಚ್ಚಿ ಬದಲಿಸಬಹುದಾದ ಮೋಡೆಮ್, 4500 ಎಂಎಎಚ್ ಬ್ಯಾಟರಿ, ಇಟ್ಟಿಗೆಯಂಥ ಮೈಕಟ್ಟು. ಒಳಗೆ 3 ಜಿಬಿ ರ‍್ಯಾಮ್. ಫೋಷ್ ಹುಟ್ಟಿದ್ದು ಈ ಫೋನಿಗಾಗಿ. ಇಂದು ಒನ್‌ಪ್ಲಸ್ 6 ಚೆನ್ನಾಗಿ ನಡೆಯುತ್ತಿದ್ದರೆ ಅದರಲ್ಲಿ ಪ್ಯೂರಿಸಂ ಕಂಪನಿಯ ಪಾಲು ದೊಡ್ಡದು. ಆದರೂ ಅದಕ್ಕೆ ಕೇಳುವ ಬೆಲೆಗೆ ಇಲ್ಲಿ ಮೂರು ನಾಲ್ಕು ಹಳೆಯ ಒನ್‌ಪ್ಲಸ್ ಬಂದಾವು.

ಇನ್ನು ದಿನದ ಬಳಕೆ. ಫೋನ್‌ಪೇ, ಗೂಗಲ್ ಪೇ, ಭೀಮ್ ಆ್ಯಪ್‌ಗಳನ್ನು ಮರೆತುಬಿಡಿ. ವೇಡ್ರಾಯ್ಡ್ ಎಂಬ ಕಂಟೇನರಿನೊಳಗೆ ಆಂಡ್ರಾಯ್ಡ್ ಓಡಿಸಬಹುದು, ಆ್ಯಪ್ ತೆರೆಯಲೂಬಹುದು. ಆದರೆ ಯುಪಿಐ ನಿಮ್ಮ ಸಿಮ್ಮಿನಿಂದಲೇ ಎಸ್ಸೆಮ್ಮೆಸ್ ಕಳಿಸಿ ಖಾತೆಯನ್ನು ಕಟ್ಟಿಹಾಕುತ್ತದೆ, ವೇಡ್ರಾಯ್ಡ್‌ಗೆ ಸಿಮ್ಮೇ ಕಾಣುವುದಿಲ್ಲ. ತರಕಾರಿ ಅಂಗಡಿಯಲ್ಲಿ ಕ್ಯೂಆರ್ ತೋರಿಸಿದಾಗ ನೋಟು ತೆಗೆಯಬೇಕು. ಆ್ಯಪ್ ಬೇಡದ ದಾರಿ *99#: ಕಾಲ್ಸ್ ಆ್ಯಪ್‌ನಲ್ಲೇ ಡಯಲ್ ಮಾಡಿ ಮೊಬೈಲ್ ಸಂಖ್ಯೆಗೋ ಯುಪಿಐ ಐಡಿಗೋ ಒಂದು ಸಲಕ್ಕೆ ₹5,000ದವರೆಗೆ ಕಳಿಸಬಹುದು. ಉತ್ತರ ಕೊಡಲು ತಡಮಾಡಿದರೆ ಸಂವಾದ ಕಡಿದುಹೋಗುತ್ತದೆ, ಮತ್ತೆ ಮೊದಲಿನಿಂದ. ಬ್ಯಾಂಕಿನ ಜಾಲತಾಣ ಫೈರ್‌ಫಾಕ್ಸ್‌ನಲ್ಲಿ ತೆರೆದು ಓಟಿಪಿಯಿಂದ ಕೆಲಸ ಮುಗಿಸುವುದು ಇದಕ್ಕಿಂತ ನೆಮ್ಮದಿ. ವಾಟ್ಸ್ಯಾಪ್ ಕೂಡ ಬ್ರೌಸರಿನಲ್ಲಿ, ಜೋಡಿಸಿದ ಸಾಧನವಾಗಿ ಮಾತ್ರ. ಮೂಲ ಖಾತೆ ಒಂದು ಆಂಡ್ರಾಯ್ಡ್ ಅಥವಾ ಐಫೋನಿನಲ್ಲಿರಬೇಕು, 14 ದಿನ ಅದನ್ನು ತೆರೆಯದೆ ಬಿಟ್ಟರೆ ಇಲ್ಲಿಂದ ಹೊರಹಾಕುತ್ತದೆ. ಅಂತೂ ಹಳೆಯ ಆಂಡ್ರಾಯ್ಡ್ ಒಂದು ಮನೆಯ ಡ್ರಾಯರಿನಲ್ಲಿ ಚಾರ್ಜಿಗೆ ಬಿದ್ದಿರಲಿ.

ಕನ್ನಡ ಓದಲು ಅಡ್ಡಿಯಿಲ್ಲ. ಮೊದಲ ಸಲ ತೆರೆದಾಗ ಅಕ್ಷರದ ಜಾಗದಲ್ಲಿ ಚೌಕಗಳು ಕಂಡರೆ ಫಾಂಟ್ ಇಲ್ಲ ಎಂದಷ್ಟೇ ಅರ್ಥ. ಪೋಸ್ಟ್‌ಮಾರ್ಕೆಟ್‌ಓಎಸ್‌ನಲ್ಲಿ ನೋಟೋ ಕನ್ನಡ ಪ್ಯಾಕೇಜು, ಮೊಬಿಯನ್‌ನಲ್ಲಿ ಡೆಬಿಯನ್‌ನದೇ ಗುಬ್ಬಿ, ನವಿಲು, ಲೋಹಿತ್ ಹಾಕಿದರೆ ಒತ್ತಕ್ಷರ, ಅರ್ಕಾವತ್ತು ಎಲ್ಲ ಸರಿಯಾಗಿ ಕೂರುತ್ತವೆ. ಬರೆಯುವುದು ಬೇರೆ ಮಾತು. ಬ್ಲೂಟೂತ್ ಕೀಲಿಮಣೆ ಇದ್ದರೆ ಕಗಪ ವಿನ್ಯಾಸ ವ್ಯವಸ್ಥೆಯಲ್ಲೇ ಸಿಗುತ್ತದೆ, ನುಡಿ ಬಳಸಿದ ಕೈ ತಡವರಿಸುವುದಿಲ್ಲ. ಪರದೆಯ ಸ್ಕ್ವೀಕ್‌ಬೋರ್ಡ್ ಕೀಲಿಮಣೆಯ ವಿನ್ಯಾಸವೆಂದರೆ ವೈಎಎಂಎಲ್ ಎಂಬ ರೂಪದ ಒಂದು ಸಾದಾ ಪಠ್ಯ ಕಡತ. ನಿಮ್ಮದೇ ವಿನ್ಯಾಸ ಬರೆದು ಮನೆ ಫೋಲ್ಡರಿನೊಳಗಿನ ಸ್ಕ್ವೀಕ್‌ಬೋರ್ಡ್‌ನ ಕೀಬೋರ್ಡ್ಸ್ ಫೋಲ್ಡರಿಗೆ ಹಾಕಬಹುದು. ಮೊದಲ ಪುಟದಲ್ಲಿ ವ್ಯಂಜನ, ಎರಡನೆಯದರಲ್ಲಿ ಮಹಾಪ್ರಾಣ, ಮೂರನೆಯದರಲ್ಲಿ ಸ್ವರ ಮತ್ತು ಅಂಕಿ ಇಡಿ. ಗುಣಿತ ಚಿಹ್ನೆಗಳನ್ನೂ ಒತ್ತಕ್ಷರಕ್ಕೆ ಬೇಕಾದ ವಿರಾಮವನ್ನೂ (್) ಮಾತ್ರ ಮೊದಲ ಪುಟದಲ್ಲೇ ಒಂದು ಸಾಲಾಗಿ ಇಟ್ಟುಕೊಳ್ಳಿ, ಇಲ್ಲದಿದ್ದರೆ ಒಂದೊಂದು ಅಕ್ಷರಕ್ಕೂ ಪುಟ ಮಗುಚಬೇಕಾಗುತ್ತದೆ.